ಇರಾಕ್ ವಿರುದ್ಧ ಹೊಳಲ್ಕೆರೆ

ಹಾಗಾದರೆ ಅವನು ‘ಬರ್ತೀವಿ’ ಅಂದದ್ದು ಬರುವುದಕ್ಕೋ, ಹೋಗುವುದಕ್ಕೋ?

ನಮ್ಮ ಕಡೆ ಮನೆಯಿಂದ ಹೊರಡುವವರು ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಹಾಗಂದರೆ ಬಾಗಿಲಲ್ಲಿ ನಿಂತ ಅವ್ವ ಬಾಯಿಯ ಮೇಲೆ ಬಡಿಯುತ್ತಾಳೆ. ಪರೀಕ್ಷೆಗೆ ಹೊರಟವನೂ ಬರ್ತೀನಿ ಅನ್ನುತ್ತಾನೆ, ಊರು ಬಿಡುವವನೂ ಬರ್ತೀನಿ ಅನ್ನುತ್ತಾನೆ, ಇನ್ನು ಈ ಹೊಸ್ತಿಲು ತುಳಿಯುವುದಿಲ್ಲವೆಂದು ಜಗಳವಾಡಿ ಹೊರಟ ಅಳಿಯ ಕೂಡ ಬೀದಿಗಿಳಿಯುವ ಮುಂಚೆ ಬರ್ತೀನಿ ಅಂದೇ ಇಳಿಯುತ್ತಾನೆ. ಆದರೆ ಅವನು ಇರಾಕಿನವನು. ಇದೆಲ್ಲ ಅವನಿಗೆ ಹೇಗೆ ಗೊತ್ತಿರುತ್ತದೆ? ಗೊತ್ತಿಲ್ಲದಿದ್ದರೆ, ಬರ್ತೀವಿ ಅಂದ ಮೇಲೆ ಬರುತ್ತಾರೆ. ಗೊತ್ತಿದ್ದರೆ?

ಹೀಗೆ ಯೋಚಿಸುತ್ತ ಲಕ್ಷ್ಮೀಕಾಂತ್ ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದಿನ ಮೈದಾನದಲ್ಲಿ ಗೋಲಿನ ಬಲೆಯ ಒಂದು ತುದಿ ಹಿಡಿದು ನಿಂತಿದ್ದ. ತೊಂಬತ್ತೊಂದನೇ ಇಸವಿ, ಸಂಕ್ರಾಂತಿಯ ಮರುದಿನ. ಫುಟ್‌ಬಾಲ್ ಬಲೆ ಎಲ್ಲೂ ಸಿಗದೆ, ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿನಲ್ಲಿ ಮೀನು ಹಿಡಿಯುವವರಿಂದ ಬಲೆ ತಂದು ಸರ್ವೆ ಮರದ ಕಂಬಗಳಿಗೆ ಕಟ್ಟಿಸುತ್ತಿದ್ದರು. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಊರಿನ ಬೆಕ್ಕುಗಳೆಲ್ಲ ಬಂದು ಗೋಲಿನೊಳಗೆ ಸಾಲಾಗಿ ಕುಳಿತಿದ್ದವು.

“ಇರಾಕಿನೋರು ಗೋಲು ಹೊಡೆಯೋದು ಕಷ್ಟ ಐತೆ ಬಿಡ್ರಪ್ಪ, ನಮ್ ಕಡೆ ಗೋಲಿಗೆ ಹತ್ತು ಜನ ಕಾವಲು ಕುಂತವ್ರೆ,” ಎಂದು ಯುವಕ ಸಂಘದ ಅಧ್ಯಕ್ಷ ಶಿವಕುಮಾರಪ್ಪ ಮೂಗಿಗೆ ಟವೆಲ್ ಹಿಡಿದುಕೊಂಡು ದೂರದಿಂದಲೇ ಕೂಗಿದರು. ಅವರು ಕಬ್ಬಿಣದ ಅಂಗಡಿಯ ಸಾಹುಕಾರರು. ಇಷ್ಟಕ್ಕೆಲ್ಲ ಮೂಲವೂ ಅವರೇ.

ಹಿಂದಿನ ವರ್ಷ ಹೊಸದುರ್ಗದವರು ರಾಜ್ಯಮಟ್ಟದ ಕಬಡ್ಡಿ ಪಂದ್ಯಾವಳಿ ನಡೆಸಿದ್ದರು. ಆ ಊರಿಗೆ ಮಗಳನ್ನು ಕೊಟ್ಟಿದ್ದ ಶಿವಕುಮಾರಪ್ಪನವರು ಹಬ್ಬಕ್ಕೆ ಹೋದಾಗ ಬೀಗರು ಊಟದ ಎಲೆಯ ಮುಂದೆಯೇ, “ನಿಮ್ಮೂರಾಗೆ ಏನೂ ಆಗಲ್ಲೇನ್ರಿ?” ಅಂದುಬಿಟ್ಟರು. ಹೋಳಿಗೆ ಗಂಟಲಲ್ಲೇ ನಿಂತಿತು. ಊರಿಗೆ ಬಂದವರೇ ಸಂಘದ ಸಭೆ ಕರೆದರು.

“ಅವ್ರು ರಾಜ್ಯಮಟ್ಟ ಮಾಡವ್ರೆ. ನಾವು ಜಿಲ್ಲಾಮಟ್ಟ ಮಾಡಿದ್ರೆ ಮಣ್ಣು ತಿಂದಂಗೆ. ನಾವೂ ರಾಜ್ಯಮಟ್ಟ ಮಾಡಿದ್ರೆ ಕಾಪಿ ಹೊಡ್ದಂಗೆ. ಅಂತರರಾಷ್ಟ್ರೀಯ ಮಾಡಾಣ!”

ದಾವಣಗೆರೆಯ ಒಂದು ಕಾಲೇಜಿನಲ್ಲಿ ಇರಾಕಿನ ಹುಡುಗರು ಓದುತ್ತಾರೆ, ಸಂಜೆ ಫುಟ್‌ಬಾಲ್ ಆಡುತ್ತಾರೆ ಎಂದು ಯಾರೋ ಹೇಳಿದರು. ಅಷ್ಟು ಸಾಕಾಯಿತು.

“ಈಗ ದಿನಾ ಪೇಪರ್‌ನಾಗೆ ಇರಾಕಿನದ್ದೇ ಸುದ್ದಿ. ಪ್ರಚಾರ ನಾವು ಮಾಡೋದೇ ಬ್ಯಾಡ, ಪ್ರಪಂಚನೇ ಮಾಡ್ತಾ ಐತೆ,” ಎಂದು ಶಿವಕುಮಾರಪ್ಪ ತೊಡೆ ತಟ್ಟಿದರು. ಹೊಳಲ್ಕೆರೆಯಲ್ಲಿ ಫುಟ್‌ಬಾಲ್ ಆಡುವವರು ಯಾರೂ ಇಲ್ಲವೆಂಬುದು ದೊಡ್ಡ ವಿಷಯವಾಗಲಿಲ್ಲ. ಕಬಡ್ಡಿ ತಂಡದ ಮಂಜುನಾಥನನ್ನೇ ನಾಯಕನನ್ನಾಗಿ ಮಾಡಿದರು. ಅಭ್ಯಾಸದಲ್ಲಿ ಅವನು ಚೆಂಡು ತಂದವನ ಕಾಲು ಹಿಡಿದು ಕೆಡವಿ, ಗೆರೆಯ ಹತ್ತಿರ ಉಸಿರು ಬಿಡುತ್ತಿದ್ದ.

ಫೋನು ಮಾಡುವ ಕೆಲಸ ಕಾರ್ಯದರ್ಶಿಯಾದ ಲಕ್ಷ್ಮೀಕಾಂತನ ಪಾಲಿಗೆ ಬಂತು. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿ, ಕೆಲಸ ಸಿಗದೆ ಹತ್ತಿರದ ರಾಮಗಿರಿಯ ಮನೆಗೆ ಮರಳಿದ್ದ ಅವನನ್ನು ಕಾರ್ಯದರ್ಶಿ ಮಾಡಿದ್ದಕ್ಕೆ ಶಿವಕುಮಾರಪ್ಪ ಎರಡು ಕಾರಣ ಹೇಳುತ್ತಿದ್ದರು: ಒಂದು, ಅವನಿಗೆ ಇಂಗ್ಲಿಷ್ ಬರುತ್ತದೆ, ಇನ್ನೊಂದು, ಅವನು ಮಾತಾಡುವುದಿಲ್ಲ. ಅದು ನಿಜ. ಅವನ ಮೌನ ಅವನಿಗೇ ಒಂದು ಊರಿನ ಹಾಗಿತ್ತು. ಅಲ್ಲೇ ಇದ್ದು, ಅಲ್ಲೇ ಓಡಾಡಿಕೊಂಡು, ಯಾರಾದರೂ ಕರೆದರೆ ಬಾಗಿಲ ತನಕ ಬಂದು ಇಣುಕುತ್ತಿದ್ದ.

ಕಬ್ಬಿಣದ ಅಂಗಡಿಯ ಫೋನಿನಿಂದ ಹಾಸ್ಟೆಲ್ಲಿಗೆ ಕರೆ ಹೋಯಿತು. ಆ ಕಡೆ ಯೂಸುಫ್ ಎಂಬವನು ಸಿಕ್ಕ. ತಂತಿಯೊಳಗೆ ಕಡಲೆ ಹುರಿದಂತೆ ಸದ್ದು. ಅವನ ಇಂಗ್ಲಿಷಿನಲ್ಲಿ ಲಕ್ಷ್ಮೀಕಾಂತನ ಕಿವಿಗೆ ಬಿದ್ದದ್ದು ಫುಟ್‌ಬಾಲ್, ಪರೀಕ್ಷೆ, ಆಮೇಲೆ ಸಾರಿ ಎಂಬ ಒಂದು ಮಾತು. ಕೊನೆಯಲ್ಲಿ ಮಾತ್ರ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಕನ್ನಡ ಕೇಳಿಸಿತು: “ಆಯ್ತು ಸಾರ್, ಬರ್ತೀವಿ!”

ರಿಸೀವರಿಗೆ ಇನ್ನೊಂದು ಕಡೆಯಿಂದ ಕಿವಿ ಹಚ್ಚಿದ್ದ ಶಿವಕುಮಾರಪ್ಪ ಎಗರಿಬಿದ್ದರು. “ಬರ್ತಾರಂತೆ ಕಣ್ರಲೇ! ಕನ್ನಡದಾಗೇ ಹೇಳ್ದ!”

ಆಗ ಲಕ್ಷ್ಮೀಕಾಂತ್ ಒಂದು ಮಾತು ಹೇಳಬಹುದಿತ್ತು. ಇನ್ನೊಂದು ಸಲ ಕೇಳುತ್ತೇನೆ ಇರಿ ಅನ್ನಬಹುದಿತ್ತು. ಅಷ್ಟರಲ್ಲಿ ಅಂಗಡಿಯ ಆಳುಗಳು ಚಪ್ಪಾಳೆ ತಟ್ಟಿದ್ದರು. ಮಾರನೆಯ ವಾರ ಗೋಡೆಗಳ ಮೇಲೆ ಕೆಂಪು ಅಕ್ಷರದಲ್ಲಿ ‘ಇರಾಕ್ ವಿರುದ್ಧ ಹೊಳಲ್ಕೆರೆ’ ಎಂದು ಬಂತು.

ಅದೂ ಹೇಗೋ ನಿಭಾಯಿಸಬಹುದಿತ್ತು. ನಿಭಾಯಿಸಲಾಗದ್ದು ಅಪ್ಪನ ಸಂಭ್ರಮ. ದೊಡ್ಡತಿಮ್ಮಪ್ಪ ರಾಮಗಿರಿ ಸ್ಟೇಷನ್ನಿನಲ್ಲಿ ಗ್ಯಾಂಗ್‌ಮನ್. ಎಂ.ಎ. ಓದಿದ ಮಗ ಮೂರು ವರ್ಷ ಮನೆಯಲ್ಲಿ ಸುಮ್ಮನೆ ಕುಳಿತಿದ್ದಕ್ಕೆ ಜನ ಏನೇನೋ ಅಂದಿದ್ದರು. ಅದಕ್ಕೆಲ್ಲ ಮುದುಕನದ್ದು ಒಂದೇ ಉತ್ತರ: “ನನ್ನ ಮಗ ಮಾತಾಡಲ್ಲ. ಆಡಿದ್ ಮಾತು ಮಾತ್ರ ತಪ್ಪಲ್ಲ.” ಆ ಉತ್ತರಕ್ಕೆ ಸಾಕ್ಷಿ ಅಂತ ಒಂದೂ ಇಲ್ಲದೆ ಇಷ್ಟು ದಿನ ಕಳೆದಿತ್ತು. ಈಗ ಸಿಕ್ಕಿತು. ನಿಂತ ರೈಲಿಗೆಲ್ಲ ಅವರು ಸುದ್ದಿ ಹೇಳಿದರು. ಗೂಡ್ಸ್ ಗಾರ್ಡುಗಳು ಅದನ್ನು ಬೀರೂರಿಗೂ ಹುಬ್ಬಳ್ಳಿಗೂ ಮುಟ್ಟಿಸಿದರು. ತುರುವನೂರಿನಲ್ಲಿರುವ ತಮ್ಮ ಅಕ್ಕ ಹುಚ್ಚಕ್ಕನಿಗೂ ಮುದುಕ ಹೇಳಿಕಳಿಸಿದರು: ಭಾನುವಾರ ಎಲ್ಲರೂ ಲಾರಿ ಮಾಡ್ಕಂಡು ಬರ್ರಿ, ನನ್ನ ಮಗ ಇರಾಕ್ ಕರೆಸ್ತವ್ನೆ.

ಬಲೆ ಕಟ್ಟಿ ಮುಗಿದ ಮೇಲೂ ಲಕ್ಷ್ಮೀಕಾಂತನ ಸಂಶಯ ಬಿಡಲಿಲ್ಲ. ಬುಧವಾರ ಬೆಳಿಗ್ಗೆ ಯಾರಿಗೂ ಹೇಳದೆ ದಾವಣಗೆರೆಯ ಬಸ್ಸು ಹತ್ತಿದ.

ಯೂಸುಫ್ ಹಾಸ್ಟೆಲ್ಲಿನ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಈರುಳ್ಳಿ ಹೆಚ್ಚುತ್ತಿದ್ದ. ತೆಳ್ಳಗೆ, ಉದ್ದಕ್ಕೆ ಇದ್ದ ಹುಡುಗ. ಮೂರು ದಿನದ ಗಡ್ಡ. ಅಡುಗೆಯ ಕಾಳಕ್ಕನಿಂದಲೇ ಕನ್ನಡ ಕಲಿತವನಾದ್ದರಿಂದ ಅವನ ಮಾತೆಲ್ಲ ಥೇಟ್ ಕಾಳಕ್ಕನದೇ.

“ಅಯ್ಯೋ ನಮ್ಮವ್ವ! ನಾನು ಬರಲ್ಲ ಅಂತ್ಲೇ ಅಲ್ವಾ ಹೇಳಿದ್ದು? ಪರೀಕ್ಷೆ ಐತೆ, ಊರಾಗೆ ಗಲಾಟೆ ಐತೆ, ಹುಡುಗ್ರಿಗೆ ಮನಸ್ಸಿಲ್ಲ, ಸಾರಿ ಅಂದೆ.”

“ಕೊನೇಲಿ ಬರ್ತೀವಿ ಅಂದ್ರಿ.”

“ಫೋನ್ ಇಡ್ತಾ ಇದ್ದೆ! ಹೋಗ್ತೀನಿ ಅನ್ಬಾರ್ದಂತೆ. ಕಾಳಕ್ಕ ಬಡೀತಾಳೆ.”

ಒಲೆಯ ಹತ್ತಿರವಿದ್ದ ಕಾಳಕ್ಕ ಸೌಟು ಹಿಡಿದೇ ತಿರುಗಿದಳು. “ಮತ್ತೆ? ಹೋಗ್ತೀನಿ ಅನ್ನೋದು ಹೆಣ ಹೊರೋರು. ಪರದೇಸಿ ಮಕ್ಳು, ನಾನು ಹೇಳ್ಕೊಡ್ದೆ ಇನ್ಯಾರು ಹೇಳ್ಕೊಡ್ತಾರೆ? ನೀನು ಎಲ್ಲೀವರ್ಗೂ ಓದಿಯಪ್ಪ?”

“ಎಂ.ಎ.”

“ಎಂ.ಎ. ಓದಿ ಬರ್ತೀನಿ ಅಂದ್ರೆ ಬರ್ತಾರೆ ಅಂದ್ಕಂಡ್ಯಾ! ನಮ್ಮ ಯಜಮಾನ ಬರ್ತೀನಿ ಅಂದು ಹೋಗಿ ಹನ್ನೊಂದು ವರ್ಷ ಆಯ್ತು.”

ಲಕ್ಷ್ಮೀಕಾಂತ್ ಚಹಾ ಕುಡಿದ. ಅಪ್ಪನ ವಿಷಯ, ತುರುವನೂರಿನ ಲಾರಿಯ ವಿಷಯ, ಬಲೆಯ ವಿಷಯ ಎಲ್ಲ ಹೇಳಿಬಿಡಬೇಕೆನ್ನಿಸಿತು. ಹೇಳಿದ್ದು ಮಾತ್ರ, “ನಮ್ಮಪ್ಪ ಹೊಸ ಪಂಚೆ ತಗೊಂಡವ್ರೆ,” ಎಂದಷ್ಟೆ. ಯೂಸುಫ್ ಈರುಳ್ಳಿಯ ಕಣ್ಣೀರು ಒರೆಸಿಕೊಂಡು ಅವನ ಮುಖವನ್ನೇ ನೋಡಿದ. ಬಾಗಿಲಲ್ಲಿ ಲಕ್ಷ್ಮೀಕಾಂತನೂ ರೂಢಿಯಂತೆ, “ಬರ್ತೀನಿ,” ಅಂದ. ಯೂಸುಫ್ ಪಕ್ಕನೆ ನಕ್ಕ.

ಆ ಸಂಜೆ ಮನೆಯಲ್ಲಿ ಅಪ್ಪ ಪಂಚೆಗೆ ಇಸ್ತ್ರಿ ಹಾಕಿಸಿಕೊಂಡು ಬಂದು, ಮಡಿಕೆ ಕೆಡದಂತೆ ಕಪಾಟಿನಲ್ಲಿಡುತ್ತಿದ್ದರು. ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡು ಲಕ್ಷ್ಮೀಕಾಂತ್ ಮಲಗಿದ. ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ: ಅಪ್ಪಾ, ಅವರು ಬರುವುದಿಲ್ಲ, ನಾನು ತಪ್ಪು ತಿಳಿದೆ. ಎಷ್ಟು ಸಣ್ಣ ವಾಕ್ಯ! ಆದರೆ ಈ ವಾಕ್ಯ ಮುಗಿಯುವ ಹೊತ್ತಿಗೆ ಅಪ್ಪನ ಬಳಿ ಇದ್ದ ಒಂದೇ ಉತ್ತರವೂ ಮುಗಿದುಹೋಗುತ್ತದೆ.

ಗುರುವಾರ ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ ಪಕ್ಕದ ಮನೆಯ ರೇಡಿಯೊ ವಾರ್ತೆ ಓದಿತು. ಇರಾಕಿನ ಮೇಲೆ ಯುದ್ಧ ಶುರುವಾಗಿದೆ. ಬಾಗ್ದಾದಿನ ಮೇಲೆ ಬಾಂಬು ಬಿದ್ದಿದೆ.

ಲಕ್ಷ್ಮೀಕಾಂತನ ಕೈಯಿಂದ ತಂಬಿಗೆ ಜಾರಿತು. ಎದೆಯೊಳಗೆ ಏನೋ ಹಗುರಾಗಿ ಮೇಲೆದ್ದು ಬಂತು. ಶಾಲೆಗೆ ರಜ ಎಂದು ಗಂಟೆ ಹೊಡೆದಾಗ ಆಗುತ್ತಿತ್ತಲ್ಲ, ಅದೇ. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಅಂತಾರೆ. ದೊಣ್ಣೆ ತಪ್ಪಿತ್ತು. ಆದರೆ ತಪ್ಪಿದ ದೊಣ್ಣೆ ಗಾಳಿಯಲ್ಲಿ ಹೋಗಿರಲಿಲ್ಲ, ಇನ್ನೊಬ್ಬರ ತಲೆಯ ಮೇಲೆ ಬಿದ್ದಿತ್ತು ಎಂಬುದು ಅವನಿಗೆ ಹೊಳೆಯಲು ತಂಬಿಗೆ ಉರುಳಿ ನಿಲ್ಲುವಷ್ಟು ಹೊತ್ತು ಹಿಡಿಯಿತು.

ಅಪ್ಪ ಸ್ಟೇಷನ್ನಿನಿಂದ ಓಡುತ್ತ ಬಂದರು. ಮಗನ ಮುಖ ನೋಡಿ, ಹೆಗಲ ಮೇಲೆ ಕೈಯಿಟ್ಟರು.

“ನೀನು ಬ್ಯಾಸ್ರ ಮಾಡ್ಕಬ್ಯಾಡ ಕಣಪ್ಪ. ನಿನ್ನ ಮಾತೇನು ತಪ್ಪಲಿಲ್ಲ. ಯುದ್ಧ ಅಡ್ಡ ಬಂತು.”

ಹೊಳಲ್ಕೆರೆಯಲ್ಲಿ ಶಿವಕುಮಾರಪ್ಪ ಮೊದಲು ತಲೆಯ ಮೇಲೆ ಕೈ ಹೊತ್ತು ಕುಳಿತರು. ಚಹಾ ಬಂತು. ಅರ್ಧ ಕುಡಿಯುವಷ್ಟರಲ್ಲಿ ಅವರ ಮುಖದ ಬಣ್ಣವೇ ಬೇರೆಯಾಯಿತು.

“ಲಕ್ಷ್ಮೀಕಾಂತ, ಹೊಸದುರ್ಗದ ಕಬಡ್ಡಿ ಒಂದಿನ ಯಾತಕ್ಕೆ ನಿಂತಿತ್ತು?”

“ಮಳೆಗೆ, ಯಜಮಾನ್ರೆ.”

“ಮಳೆಗೆ! ನಮ್ದು ಯಾತಕ್ಕೆ ನಿಂತೈತೆ? ಯುದ್ಧಕ್ಕೆ! ಈ ಜಿಲ್ಲೆಯಾಗೆ, ಯಾಕೆ, ಈ ರಾಜ್ಯದಾಗೆ ಯಾವನ ಮ್ಯಾಚಾದ್ರೂ ಯುದ್ಧಕ್ಕೆ ನಿಂತೈತೇನಲೇ?”

ಮಧ್ಯಾಹ್ನದ ಹೊತ್ತಿಗೆ ಚಿತ್ರದುರ್ಗದ ಪತ್ರಿಕೆಯವರಿಗೆ ಸುದ್ದಿ ಹೋಯಿತು. ಮಾರನೆಯ ದಿನ ನಾಲ್ಕನೇ ಪುಟದಲ್ಲಿ ಬಂತು: ‘ಯುದ್ಧ: ಹೊಳಲ್ಕೆರೆ ಅಂತರರಾಷ್ಟ್ರೀಯ ಪಂದ್ಯ ರದ್ದು’. ಹೊಸದುರ್ಗದ ಬೀಗರು ತಾವಾಗಿಯೇ ಫೋನು ಮಾಡಿ ಸಂತಾಪ ಹೇಳಿದರು. ಆ ಸಂತಾಪವನ್ನು ಶಿವಕುಮಾರಪ್ಪ ಹಾರ ಹಾಕಿಸಿಕೊಂಡವರಂತೆ ಸ್ವೀಕರಿಸಿದರು.

ಆಟೋದಲ್ಲಿ ಮೈಕ್ ಹಿಡಿದು ಊರಿಗೆ ಸಾರಲು ಹೊರಟ ಚಿತ್ತಯ್ಯ ಮಾತ್ರ ಸ್ವಲ್ಪ ಎಡವಿದ. ಬರೆದುಕೊಟ್ಟದ್ದು ಉದ್ದವಾಯಿತೆಂದು ಅವನೇ ಚಿಕ್ಕದು ಮಾಡಿದ: “ಮಹಾಜನಗಳೇ, ಇರಾಕ್ ವಿರುದ್ಧ ಹೊಳಲ್ಕೆರೆ! ಯುದ್ಧ ಆರಂಭವಾಗಿದೆ! ಭಾನುವಾರ ಯಾರೂ ಮೈದಾನಕ್ಕೆ ಬರಬಾರದು!” ಆಟೋ ಒಂದು ಸುತ್ತು ಮುಗಿಸುವುದರೊಳಗೆ ಸೀಮೆಎಣ್ಣೆ ಅಂಗಡಿಯ ಮುಂದೆ ಡಬ್ಬಗಳ ಸಾಲು ನಿಂತಿತು. ಸೊಪ್ಪು ಮಾರುವ ಮುದ್ದಕ್ಕ ಲಕ್ಷ್ಮೀಕಾಂತನನ್ನೇ ತಡೆದು ಕೇಳಿದಳು:

“ನಮ್ಮೋರು ಅವ್ರಿಗೆ ಏನ್ ಮಾಡಿದ್ರಪ್ಪ? ಆ ಮೀನಿನ ಬಲೆ ತಂದಾಗ್ಲೇ ಅಂದೆ, ಇದು ಒಳ್ಳೇದಕ್ಕಲ್ಲ ಅಂತ.”

ಭಾನುವಾರ ತುರುವನೂರಿನ ಲಾರಿ ಬಂದೇ ಬಂತು. ಅಲ್ಲಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಹುಚ್ಚಕ್ಕನ ಮುಂದಾಳತ್ವದಲ್ಲಿ ಗಂಡಸರು, ಹೆಂಗಸರು, ಮಕ್ಕಳು ರೊಟ್ಟಿಯ ಗಂಟುಗಳೊಂದಿಗೆ ಇಳಿದು ಸುಣ್ಣದ ಗೆರೆಯ ಉದ್ದಕ್ಕೂ ಕುಳಿತರು. ಹೊಸ ಪಂಚೆಯುಟ್ಟ ದೊಡ್ಡತಿಮ್ಮಪ್ಪ ಕೈಮುಗಿದು ವಿಷಯ ಹೇಳಿದರು.

“ಯುದ್ಧ ಅಂತೆ ಅಕ್ಕ. ಬರಲ್ಲ ಅವ್ರು.”

“ಯುದ್ಧ ಅವ್ರಿಗಲ್ವಾ? ನಾವು ಬಂದೀವಲ್ಲ, ಏನಾರ ತೋರ್ಸು,” ಎಂದಳು ಹುಚ್ಚಕ್ಕ. “ಲೋ ಲಕ್ಷ್ಮೀಕಾಂತ, ಮಾತಾಡಲ್ಲ ಅಂದ್ರೂ ಸರಿ, ಒಂದು ಕುಣಿತನಾದ್ರೂ ಕುಣಿ.”

ಆ ಹೊತ್ತಿಗೆ ದಾವಣಗೆರೆಯ ಬಸ್ಸು ನಿಂತಿತು. ಅದರಿಂದ ಮೂವರು ಹುಡುಗರು ಇಳಿದು ಮೈದಾನದ ಕಡೆ ನಡೆದುಬಂದರು. ಮುಂದಿದ್ದವನು ಉದ್ದಕ್ಕಿದ್ದ, ಗಡ್ಡ ಇನ್ನಷ್ಟು ಬೆಳೆದಿತ್ತು, ಕಂಕುಳಲ್ಲಿ ಒಂದು ಚೆಂಡು.

ಲಕ್ಷ್ಮೀಕಾಂತನಿಗೆ ನೆಲವೇ ಬಾಯ್ಬಿಡಬಾರದೇ ಅನ್ನಿಸಿತು. ಬರುತ್ತಾರೆ ಅಂದಾಗ ಬಾರದವರು, ಬರುವುದಿಲ್ಲ ಎಂದು ಪೇಪರಿನಲ್ಲಿ ಬಂದ ಮೇಲೆ ಬಂದಿದ್ದರು.

ಶಿವಕುಮಾರಪ್ಪ ಅಂಗಡಿಯಿಂದ ಓಡಿಬಂದರು. ಹಾರ ಇರಲಿಲ್ಲ, ಹೆಗಲ ಟವೆಲನ್ನೇ ಯೂಸುಫನಿಗೆ ಹೊದಿಸಿದರು. ಆಮೇಲೆ ಎಲ್ಲರೆದುರು ಕೇಳಿಯೇಬಿಟ್ಟರು: “ಯುದ್ಧ ಅಂತ್ಲೇ ನೀವು ತಂಡ ಕಟ್ಕಂಡು ಬರಾಕಾಗಲಿಲ್ಲ, ಹೌದಲ್ರಿ? ಅದಕ್ಕೆ ಮುಂಚೆ ಬರ್ತೀವಿ ಅಂದಿದ್ರಿ, ನಾನೇ ಕಿವಿಯಾರೆ ಕೇಳೀನಿ.”

ದೊಡ್ಡತಿಮ್ಮಪ್ಪ ಪಂಚೆಯ ಅಂಚು ಹಿಡಿದುಕೊಂಡು ಯೂಸುಫನ ಬಾಯಿಯನ್ನೇ ನೋಡುತ್ತಿದ್ದರು. ಯೂಸುಫ್ ಆ ಹೊಸ ಪಂಚೆಯನ್ನು ನೋಡಿದ. ಆಮೇಲೆ ಲಕ್ಷ್ಮೀಕಾಂತನನ್ನು ನೋಡಿದ.

“ಹೌದು ಸಾರ್. ಬರ್ತೀವಿ ಅಂದಿದ್ದೆ,” ಅಂದ. “ರೂಮಿನಾಗೆ ಬರೀ ರೇಡಿಯೊ. ಊರಿಗೆ ಫೋನ್ ಹತ್ತಲ್ಲ. ಕುಂತು ಕುಂತು ಸಾಕಾಯ್ತು. ಕಾಳಕ್ಕ ಬೈದ್ಳು, ಬರ್ತೀವಿ ಅಂದ ಮ್ಯಾಗೆ ಒಂದ್ಸಲ ಆದ್ರೂ ಹೋಗಿ ಬರ್ಬೇಕು ಕಣೋ ಅಂತ. ಉಳಿದೋರು ಏಳಲಿಲ್ಲ. ನಾವು ಮೂರು ಜನ ಬಂದ್ವಿ.”

ದೊಡ್ಡತಿಮ್ಮಪ್ಪ ಸುತ್ತ ಕುಳಿತವರ ಕಡೆಗೆ ತಿರುಗಿ ತಲೆಯಾಡಿಸಿದರು, ನೋಡಿದ್ರಾ ಅನ್ನುವ ಹಾಗೆ.

ಮಂಜುನಾಥನ ತಂಡ ಆಗಲೇ ಚಡ್ಡಿ ಏರಿಸಿಕೊಂಡು ನಿಂತಿತ್ತು. “ಮೂರ್ ಮೂರು ಜನ ಆಡಾಣ!” ಎಂದು ಮಂಜುನಾಥ ಕೂಗಿದ. ಆದರೆ ಶಿವಕುಮಾರಪ್ಪ ಗಾಬರಿಯಿಂದ ಎರಡೂ ಕೈ ಎತ್ತಿದರು.

“ಆಡಂಗಿಲ್ಲ! ಯಾರೂ ಚೆಂಡು ಮುಟ್ಟಂಗಿಲ್ಲ! ಯುದ್ಧಕ್ಕೆ ರದ್ದಾಗೈತೆ ಅಂತ ಪೇಪರ್‌ನಾಗೆ ಬಂದೈತೆ. ಈಗ ಆಡಿದ್ರೆ ಹೊಸದುರ್ಗದೋರು ಬಿಡ್ತಾರಾ? ಯುದ್ಧ ಮುಗಿಯೋತಂಕ ಈ ಮ್ಯಾಚು ರದ್ದು ಅಂದ್ರೆ ರದ್ದು.”

“ಒಂದು, ಸಾವ್ಕಾರ್ರೇ,” ಎಂದು ದೊಡ್ಡತಿಮ್ಮಪ್ಪ ಮುಂದೆ ಬಂದರು. “ಒಂದೇ ಒಂದು ಹೊಡೀಲಿ. ಗೋಲು ಅಂದ್ರೆ ಏನು ಅಂತ ನಾನು ನೋಡೇ ಇಲ್ಲ.”

ಶಿವಕುಮಾರಪ್ಪ ಯೋಚಿಸಿದರು. ಆಮೇಲೆ ಮೈದಾನಕ್ಕೆ ಬೆನ್ನು ಹಾಕಿ, “ನಾನು ಆ ಕಡೆ ನೋಡಲ್ಲ,” ಎಂದು ಬಸ್ ನಿಲ್ದಾಣದ ಕಡೆ ಮುಖ ಮಾಡಿ ನಿಂತರು.

ದೊಡ್ಡತಿಮ್ಮಪ್ಪ ಪಂಚೆ ಎತ್ತಿಕಟ್ಟಿ ಕಂಬಗಳ ನಡುವೆ, ಬೆಕ್ಕುಗಳ ಮುಂದೆ, ರೈಲು ನಿಲ್ಲಿಸುವವರಂತೆ ಎರಡೂ ಕೈ ಅಗಲಿಸಿ ನಿಂತರು. ಯೂಸುಫ್ ಚೆಂಡು ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. ಮುದುಕನಿಗೆ ತಾಗದಂತೆ, ಮೆತ್ತಗೆ, ಮೂಲೆಗೆ ಒದ್ದ. ಬೆಕ್ಕುಗಳು ದಿಕ್ಕಾಪಾಲಾಗಿ ಓಡಿದವು. ಚೆಂಡು ಮಾರಿಕಣಿವೆಯ ಬಲೆಯಲ್ಲಿ ದೊಡ್ಡ ಮೀನಿನ ಹಾಗೆ ಸಿಕ್ಕಿಕೊಂಡು ಒದ್ದಾಡಿತು.

“ಇರಾಕ್ ಗೆದ್ತು!” ಎಂದು ದೊಡ್ಡತಿಮ್ಮಪ್ಪ ಕೂಗಿದರು. ತುರುವನೂರಿನವರೆಲ್ಲ ಎದ್ದು ಸಿಳ್ಳೆ ಹಾಕಿದರು. ಶಿವಕುಮಾರಪ್ಪ ತಿರುಗದೆಯೇ, “ಏನಾಯ್ತಲೇ?” ಅಂದರು. “ಏನೂ ಆಗ್ಲಿಲ್ಲ ಯಜಮಾನ್ರೆ, ರದ್ದಾಗೈತಲ್ಲ,” ಎಂದ ಮಂಜುನಾಥ.

ಹುಚ್ಚಕ್ಕ ಮೂವರನ್ನೂ ಎದುರು ಕೂರಿಸಿಕೊಂಡು ರೊಟ್ಟಿ, ಬದನೆ ಎಣ್ಣೆಗಾಯಿ ಬಡಿಸಿದಳು. “ಕುಂತ್ಕಳ್ರಪ್ಪ, ನಾಚ್ಕಬ್ಯಾಡ್ರಿ. ಯಾವೂರು ಅಂದ್ಯಪ್ಪ?”

“ಬಾಗ್ದಾದ್.”

“ಅದು ಯಾವ ತಾಲ್ಲೂಕು?”

ಯೂಸುಫ್ ಸ್ವಲ್ಪ ಯೋಚಿಸಿ, “ದೂರ ಅಜ್ಜಿ. ಹಿರಿಯೂರು ದಾಟಿ ಆಕಡೆ,” ಅಂದ.

“ಅಲ್ಲಿ ಅವ್ವ ಇದಾಳಾ?”

“ಇದಾಳೆ.” ರೊಟ್ಟಿ ಮುರಿಯುತ್ತ ಅಂದ. “ಇದಾಳೆ ಅಂದ್ಕಂಡೀನಿ.”

ಹುಚ್ಚಕ್ಕ ಇನ್ನೊಂದು ರೊಟ್ಟಿ ಹಾಕಿದಳು.

ಸಂಜೆಯ ಬಸ್ಸಿಗೆ ಲಕ್ಷ್ಮೀಕಾಂತನೊಬ್ಬನೇ ಅವರನ್ನು ಕಳಿಸಲು ಹೋದ. ಇಬ್ಬರು ಮೊದಲೇ ಹತ್ತಿದರು. ಯೂಸುಫ್ ಬಾಗಿಲ ಸರಳು ಹಿಡಿದು ನಿಂತ. ಹೆಗಲ ಮೇಲೆ ಶಿವಕುಮಾರಪ್ಪನವರ ಟವೆಲ್ ಹಾಗೇ ಇತ್ತು.

“ನಿಮ್ಮಪ್ಪ ಒಳ್ಳೇರು,” ಅಂದ. “ನಿಮ್ಗೂ ಪಾಪ, ಅವತ್ತು ರೇಡಿಯೊ ಕೇಳಿ ಎಷ್ಟು ಬ್ಯಾಸ್ರ ಆಯ್ತೋ. ಒಂದು ತಿಂಗ್ಳಿಂದ ಓಡಾಡಿದ್ರಿ.”

ಲಕ್ಷ್ಮೀಕಾಂತ್ ಬಾಯಿ ತೆರೆದ. ಕಂಡಕ್ಟರ್ ಸೀಟಿ ಊದಿದ. ಯೂಸುಫ್ ಆ ಮೌನವನ್ನು ದುಃಖವೆಂದೇ ತಿಳಿದು, ಅವನ ಕೈಯನ್ನು ಗಟ್ಟಿಯಾಗಿ ಒಮ್ಮೆ ಅದುಮಿದ.

“ಬರ್ತೀನಿ,” ಅಂದ.

“ಬಾ,” ಅಂದ ಲಕ್ಷ್ಮೀಕಾಂತ್.

ಬಸ್ಸು ದಾವಣಗೆರೆಯ ರಸ್ತೆಗೆ ತಿರುಗಿತು. ಗುರುವಾರ ಬೆಳಿಗ್ಗೆ ಯುದ್ಧ ಶುರುವಾಯಿತೆಂದು ಕೇಳಿದಾಗ ತನಗೆ ಸಂತೋಷವಾಗಿತ್ತು ಎಂಬುದನ್ನು ಅವನು ಯೂಸುಫನಿಗೆ ಹೇಳಲಿಲ್ಲ.